ಕಾಮಾಲೆ ಬಂದ ಬೆಕ್ಕಿಗೆ ಪಥ್ಯ ಬೇಡ

ಮನೆಯಲ್ಲಿ ಯಾರಿಗಾದರೂ ಕಾಮಾಲೆ ಎಂದ ಕೂಡಲೇ ನಮ್ಮಲ್ಲಿ ಮೊದಲು ಬದಲಾಗುವುದು ಅಡುಗೆಮನೆ. ಎಣ್ಣೆ ಬಂದ್, ಒಗ್ಗರಣೆ ಬಂದ್, ಮಾಂಸ ಮೀನಿನ ಮಾತೇ ಇಲ್ಲ. ಗಂಜಿ, ಮಜ್ಜಿಗೆ ಅನ್ನ, ಜೊತೆಗೆ ಹಿರಿಯರು ಹಿತ್ತಲಿನಿಂದ ಕಿತ್ತು ತಂದ ನೆಲನೆಲ್ಲಿ. ವೈರಸ್‌ನಿಂದ ಬರುವ ಕಾಮಾಲೆ ಎಷ್ಟೋ ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುವುದರಿಂದ ಈ ಪಥ್ಯದ ಮೇಲೆ ನಮಗೆ ಗಟ್ಟಿ ನಂಬಿಕೆ. ಅದೇ ನಂಬಿಕೆಯಿಂದ, ಅದೇ ಅಕ್ಕರೆಯಿಂದ, ಕಣ್ಣು ಹಳದಿಯಾದ ಬೆಕ್ಕಿನ ಮುಂದೆಯೂ ಗಂಜಿ ಇಡುತ್ತೇವೆ. ಬೆಕ್ಕು ಮೂಸಿ ನೋಡಿ ಮುಖ ತಿರುಗಿಸುತ್ತದೆ. ‘ಬಿಡು, ಹೊಟ್ಟೆ ಖಾಲಿ ಇದ್ದರೆ ಲಿವರ್‌ಗೂ ವಿಶ್ರಾಂತಿ. ಹಸಿವಾದಾಗ ತಾನೇ ತಿನ್ನುತ್ತೆ’ ಎಂದುಕೊಳ್ಳುತ್ತೇವೆ. ಆ ಒಂದು ಮಾತು ತಪ್ಪೆಂದು ಹೇಳಲಿಕ್ಕಾಗಿಯೇ ಈ ಲೇಖನ. ಉಪವಾಸ ಬೆಕ್ಕಿನ ಯಕೃತ್ತನ್ನು ಕೊಲ್ಲುತ್ತದೆ.

ಇದಕ್ಕೆ ಕಾರಣ ಬೆಕ್ಕಿನ ಹುಟ್ಟುಗುಣದಲ್ಲಿದೆ. ನಾಯಿ ಅನ್ನ ಉಂಡು ಬದುಕೀತು. ಬೆಕ್ಕು ಅಪ್ಪಟ ಮಾಂಸಾಹಾರಿ. ನಾವು ಬೇಳೆ, ಮೊಟ್ಟೆ, ಮಾಂಸ ಕಡಿಮೆ ತಿಂದ ದಿನಗಳಲ್ಲಿ ನಮ್ಮ ಯಕೃತ್ತು ಪ್ರೋಟೀನ್ ಒಡೆಯುವ ಕಿಣ್ವಗಳ ಕೆಲಸವನ್ನು ತಗ್ಗಿಸಿ ಉಳಿತಾಯ ಮಾಡುತ್ತದೆ. ಬೆಕ್ಕಿನಲ್ಲಿ ಈ ಹೊಂದಾಣಿಕೆ ತೀರಾ ಕಡಿಮೆ. ತಟ್ಟೆಯಲ್ಲಿ ಮಾಂಸವಿರಲಿ, ಇಲ್ಲದಿರಲಿ, ಒಲೆ ಉರಿಯುತ್ತಲೇ ಇರುತ್ತದೆ. ಹೊರಗಿನಿಂದ ಸೌದೆ ಬಾರದಿದ್ದರೆ ಅದರ ಮೈಯ ಮಾಂಸಖಂಡವೇ ಸೌದೆಯಾಗುತ್ತದೆ.

ಪ್ರೋಟೀನ್ ಒಡೆದಾಗ ಅಮೋನಿಯಾ ಹುಟ್ಟುತ್ತದೆ, ಅದು ಮಿದುಳಿಗೆ ವಿಷ. ಅದನ್ನು ಯೂರಿಯಾ ಮಾಡಿ ಮೂತ್ರದ ದಾರಿಗೆ ಹಚ್ಚುವುದು ಯಕೃತ್ತಿನ ಕೆಲಸ. ಈ ಕೆಲಸಕ್ಕೆ ಆರ್ಜಿನೈನ್ ಎಂಬ ಅಮೈನೋ ಆಮ್ಲ ಬೇಕು. ನಮ್ಮ ದೇಹ ಅದನ್ನು ಒಳಗೇ ತಯಾರಿಸಿಕೊಳ್ಳುತ್ತದೆ. ಬೆಕ್ಕು ಊಟದಿಂದಲೇ ಪಡೆಯಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಜೇಮ್ಸ್ ಮಾರಿಸ್ ಮತ್ತು ಕ್ವಿಂಟನ್ ರೋಜರ್ಸ್ 1978ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಸ್ಪಷ್ಟವಾಗಿ ತೋರಿಸಿತು. ರಾತ್ರಿಯೆಲ್ಲ ಉಪವಾಸವಿದ್ದ ಬೆಕ್ಕುಗಳಿಗೆ ಅವರು ಆರ್ಜಿನೈನ್ ಒಂದನ್ನು ಬಿಟ್ಟು ಬೇಕಾದ ಅಮೈನೋ ಆಮ್ಲಗಳೆಲ್ಲ ಇರುವ ಊಟ ಕೊಟ್ಟರು. ಒಂದೇ ಒಂದು ಊಟ. ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಅಮೋನಿಯಾ ಏರಿ ಬೆಕ್ಕುಗಳು ವಾಂತಿ ಮಾಡಿಕೊಂಡು ಮಂಕಾದವು. ಟಾರಿನ್ ಎಂಬ ಪೋಷಕಾಂಶದ ಕಥೆಯೂ ಹೆಚ್ಚುಕಡಿಮೆ ಇಂಥದೇ: ಬೆಕ್ಕಿನ ಪಿತ್ತರಸದ ಆಮ್ಲಗಳಿಗೆ ಜೊತೆಗೂಡಲು ಟಾರಿನ್ನೇ ಬೇಕು, ಅದು ಮಾಂಸ ಮೀನಿನಲ್ಲಿದೆ, ಅನ್ನದಲ್ಲಿಲ್ಲ. ಹಾಲನ್ನ, ಮೊಸರನ್ನದ ಮೇಲೆ ಬೆಳೆದ ನಮ್ಮ ಹಳೆಯ ಮನೆಗಳ ಬೆಕ್ಕುಗಳು ಉಳಿದದ್ದು ಅಟ್ಟದ ಇಲಿ, ಗೋಡೆಯ ಹಲ್ಲಿಗಳ ಕೃಪೆಯಿಂದ. ಫ್ಲ್ಯಾಟಿನ ಬೆಕ್ಕಿಗೆ ಅಟ್ಟವೂ ಇಲ್ಲ, ಇಲಿಯೂ ಇಲ್ಲ.

ಬೆಕ್ಕು ಊಟ ಬಿಟ್ಟರೆ, ಅದರಲ್ಲೂ ದುಂಡಗಿನ ಬೆಕ್ಕು ಬಿಟ್ಟರೆ, ಮೈಯಲ್ಲಿ ಕೂಡಿಟ್ಟ ಕೊಬ್ಬು ಕರಗಿ ಯಕೃತ್ತಿಗೆ ಹರಿದು ಬರುತ್ತದೆ. ಬಂದ ಕೊಬ್ಬನ್ನು ಉರಿಸಬೇಕು, ಇಲ್ಲವೇ ಪ್ರೋಟೀನಿನ ಹೊದಿಕೆ ಹಾಕಿ ರಕ್ತಕ್ಕೆ ಕಳಿಸಬೇಕು. ಹೊದಿಕೆಗೆ ಬೇಕಾದ ಪ್ರೋಟೀನ್ ಇಲ್ಲ. ಕೊಬ್ಬು ಅಲ್ಲೇ ಉಳಿಯುತ್ತದೆ. ಜೀವಕೋಶಗಳು ಊದಿ ನಡುವಿನ ಸೂಕ್ಷ್ಮ ಪಿತ್ತನಾಳಗಳನ್ನು ಅದುಮುತ್ತವೆ, ಪಿತ್ತ ರಕ್ತಕ್ಕೆ ಮರಳುತ್ತದೆ, ಕಣ್ಣು ಹಳದಿಯಾಗುತ್ತದೆ. ಇದರಿಂದ ವಾಕರಿಕೆ, ವಾಕರಿಕೆಯಿಂದ ಊಟ ಇನ್ನಷ್ಟು ದೂರ. ವೈದ್ಯರು ಇದನ್ನು ಹೆಪಾಟಿಕ್ ಲಿಪಿಡೋಸಿಸ್ ಎನ್ನುತ್ತಾರೆ. ಕೆಲವೇ ದಿನಗಳ ಉಪವಾಸ ಸಾಕು ಇದಕ್ಕೆ. ಬೇರೆ ಯಾವುದೋ ಸಣ್ಣ ತೊಂದರೆಗೆ, ಮನೆ ಬದಲಾಯಿಸಿದ ಬೇಸರಕ್ಕೆ ಊಟ ಬಿಟ್ಟ ಬೆಕ್ಕಿಗೂ ಬರಬಹುದು. ಮೊದಲೇ ಯಕೃತ್ತಿನ ದೀರ್ಘ ಕಾಯಿಲೆ ಇರುವ ಬೆಕ್ಕಿಗಂತೂ ಗಾಯದ ಮೇಲೆ ಬರೆ.

ಇದಕ್ಕೆ ಮುಖ್ಯ ಔಷಧ ಊಟವೇ. ಬೇಗ ಗುರುತಿಸಿ ಸರಿಯಾಗಿ ಉಣಿಸಿದರೆ ಹೆಚ್ಚಿನ ಬೆಕ್ಕುಗಳು ಪೂರ್ತಿ ಚೇತರಿಸಿಕೊಳ್ಳುತ್ತವೆ. ತಾನಾಗಿ ತಿನ್ನದ ಬೆಕ್ಕಿಗೆ ವೈದ್ಯರು ಅರಿವಳಿಕೆ ಕೊಟ್ಟು ಕುತ್ತಿಗೆಯ ಬದಿಯಿಂದ ಅನ್ನನಾಳಕ್ಕೆ ಮೆತ್ತನೆಯ ಕೊಳವೆ ಕೂರಿಸುತ್ತಾರೆ. ಈ ಮಾತು ಕೇಳಿದೊಡನೆ ಮನೆಯವರ ಮುಖ ಬಾಡುತ್ತದೆ: ‘ಪಾಪ, ಅಷ್ಟು ಹಿಂಸೆ ಯಾಕೆ ಡಾಕ್ಟ್ರೇ?’ ನಿಜವಾದ ಹಿಂಸೆ ಇರುವುದು ಬಾಯಿ ಹಿಡಿದು ಸಿರಿಂಜಿನಲ್ಲಿ ತುರುಕುವುದರಲ್ಲಿ. ವಾಕರಿಕೆಯ ಹೊತ್ತಿನಲ್ಲಿ ಬಲವಂತವಾಗಿ ತಿನ್ನಿಸಿದ ಆಹಾರವನ್ನು ಬೆಕ್ಕು ಹಗೆಯಂತೆ ನೆನಪಿಟ್ಟುಕೊಳ್ಳುತ್ತದೆ. ನಮ್ಮ ಮನೆಯ ಬೆಕ್ಕು ಚಿನ್ನಿಗೆ ಬೂತಾಯಿ ಮೀನು ಎಂದರೆ ಪ್ರಾಣ. ಕಾಯಿಲೆಯ ದಿನಗಳಲ್ಲಿ ಬೂತಾಯಿಯೊಳಗೆ ಕಹಿ ಮಾತ್ರೆ ಅಡಗಿಸಿ ಕೊಟ್ಟೆ. ಆಮೇಲೆ ಬದುಕಿರುವವರೆಗೆ ಅವಳು ಬೂತಾಯಿಯ ಹತ್ತಿರ ಸುಳಿಯಲಿಲ್ಲ. ಕೊಳವೆ ಇದ್ದರೆ ಬೆಕ್ಕಿಗೂ ನಮಗೂ ಜಗಳವಿಲ್ಲ. ನಯವಾಗಿ ಅರೆದ ಆಹಾರ, ನೀರು, ಎಷ್ಟೋ ಔಷಧಗಳು ಅದರಲ್ಲೇ ಹೋಗುತ್ತವೆ. ಬೆಕ್ಕು ಓಡಾಡುತ್ತದೆ, ಆಡುತ್ತದೆ, ಹಸಿವು ಮರಳಿದ ದಿನ ಬಾಯಿಂದಲೂ ತಿನ್ನುತ್ತದೆ. ಕೆಲವು ವಾರ ಹೀಗೆ ನಡೆಯಬೇಕಾಗುತ್ತದೆ. ಆರಂಭದಲ್ಲಿ ಮಾತ್ರ ಊಟದ ಪ್ರಮಾಣವನ್ನು ಸ್ವಲ್ಪಸ್ವಲ್ಪವಾಗಿ ಏರಿಸಬೇಕು. ಬಹಳ ದಿನ ಹಸಿದ ಮೈಗೆ ಒಮ್ಮೆಲೇ ಪೂರ್ತಿ ಊಟ ಬಿದ್ದರೆ ರಕ್ತದ ಪೊಟ್ಯಾಸಿಯಂ, ರಂಜಕ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಲಿಪಿಡೋಸಿಸ್ ವಾಸಿಯಾದರೆ ಮುಗಿಯಿತು. ವರ್ಷಗಟ್ಟಲೆ ಜೊತೆಗಿರುವ ಕಾಯಿಲೆ ಬೇರೆಯದು: ಪಿತ್ತನಾಳಗಳ ಉರಿಯೂತ, ಕೊಲಾಂಜೈಟಿಸ್. ಇದರಲ್ಲಿ ಲಿಂಫೋಸಿಟಿಕ್ ಎಂಬ ಬಗೆ ನಿಧಾನದ್ದು. ನಮ್ಮ ನಗರಗಳಲ್ಲಿ ಬಹಳ ಜನ ಸಾಕುವ ಪರ್ಷಿಯನ್ ತಳಿಯಲ್ಲಿ ಇದು ಹೆಚ್ಚು ಎಂಬ ವರದಿಗಳಿವೆ. ಮೋಸ ಮಾಡುವ ಕಾಯಿಲೆ ಇದು. ಕೆಲವು ಬೆಕ್ಕುಗಳು ಚೆನ್ನಾಗಿಯೇ ತಿನ್ನುತ್ತವೆ, ಆಡುತ್ತವೆ, ತೂಕ ಮಾತ್ರ ತಿಂಗಳಿಂದ ತಿಂಗಳಿಗೆ ಇಳಿಯುತ್ತದೆ. ಹೆಚ್ಚಿನ ಬೆಕ್ಕುಗಳಲ್ಲಿ ಪಿತ್ತನಾಳವೂ ಮೇದೋಜೀರಕ ಗ್ರಂಥಿಯ ನಾಳವೂ ಕರುಳನ್ನು ಸೇರುವ ಮುಂಚೆಯೇ ಒಂದಾಗುತ್ತವೆ. ಹಾಗಾಗಿ ಕರುಳು, ಮೇದೋಜೀರಕ, ಯಕೃತ್ತು ಮೂರಕ್ಕೂ ಒಟ್ಟಿಗೆ ಉರಿಯೂತ ತಗಲುವುದು ಬೆಕ್ಕಿನಲ್ಲಿ ಅಪರೂಪವಲ್ಲ.

ರಕ್ತಪರೀಕ್ಷೆಯ ವರದಿ ಕೈಗೆ ಬಂದಾಗ ಒಂದು ವಿಷಯ ನೆನಪಿರಲಿ. ಎಎಲ್‌ಪಿ ಎಂಬ ಕಿಣ್ವ ನಾಯಿಯ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಮೂರು ದಿನ ಬೇಕು, ಬೆಕ್ಕಿನಲ್ಲಿ ಸುಮಾರು ಆರೇ ಗಂಟೆ. ಆದ್ದರಿಂದ ಬೆಕ್ಕಿನ ಎಎಲ್‌ಪಿ ಸ್ವಲ್ಪ ಏರಿದ್ದರೂ ಕಡೆಗಣಿಸುವಂತಿಲ್ಲ. ಉರಿಯೂತದ ಬಗೆ ಯಾವುದೆಂದು ಖಚಿತವಾಗಲು ಸ್ಕ್ಯಾನಿಂಗ್, ಕೆಲವೊಮ್ಮೆ ಬಯಾಪ್ಸಿ ಬೇಕು. ಸೂಜಿ ಹಾಕುವ ಮುಂಚೆ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಪಿತ್ತ ಸರಿಯಾಗಿ ಕರುಳಿಗೆ ಇಳಿಯದಿದ್ದರೆ ವಿಟಮಿನ್ ಕೆ ಮೈಗೆ ಹತ್ತುವುದಿಲ್ಲ, ಆಗ ಸಣ್ಣ ಗಾಯವೂ ಸುರಿಯುತ್ತದೆ.

ಬ್ಯಾಕ್ಟೀರಿಯಾದಿಂದ ಬಂದ ಉರಿಯೂತಕ್ಕೆ ಆಂಟಿಬಯಾಟಿಕ್, ಲಿಂಫೋಸಿಟಿಕ್ ಬಗೆಗೆ ಸ್ಟೀರಾಯ್ಡ್. ಈ ಸ್ಟೀರಾಯ್ಡ್ ಪ್ರೆಡ್ನಿಸೋಲೋನ್ ಆಗಿರಬೇಕು. ಹೆಸರಿನಲ್ಲಿ ಅದರ ಅಣ್ಣನಂತಿರುವ ಪ್ರೆಡ್ನಿಸೋನ್ ಕೆಲಸ ಮಾಡಬೇಕಾದರೆ ಯಕೃತ್ತು ಅದನ್ನು ಪ್ರೆಡ್ನಿಸೋಲೋನ್ ಆಗಿ ಬದಲಾಯಿಸಬೇಕು, ಬೆಕ್ಕಿಗೆ ಆ ಕೆಲಸ ಸರಿಯಾಗಿ ಬರುವುದಿಲ್ಲ. ಪಿತ್ತವನ್ನು ತೆಳುವಾಗಿಸಿ ಹರಿಸಲು ಅರ್ಸೋಡಿಆಕ್ಸಿಕೋಲಿಕ್ ಆಮ್ಲ ಕೊಡುತ್ತಾರೆ. ಪಿತ್ತನಾಳ ಪೂರ್ತಿ ಕಟ್ಟಿಕೊಂಡಿದ್ದರೆ ಇದನ್ನು ಕೊಡಬಾರದು, ಹಾಗಾಗಿ ನೆರೆಮನೆಯ ಬೆಕ್ಕಿಗೆ ಬರೆದ ಚೀಟಿ ನಿಮ್ಮ ಬೆಕ್ಕಿಗೆ ಆಗದು. ಒಣ ಮಾತ್ರೆ ನುಂಗಿಸಿದ ಮೇಲೆ ಸಿರಿಂಜಿನಲ್ಲಿ ನಾಲ್ಕೈದು ಎಂಎಲ್ ನೀರು ಮೆಲ್ಲಗೆ ಕುಡಿಸಿ. ಬೆಕ್ಕಿನ ಅನ್ನನಾಳದಲ್ಲಿ ಮಾತ್ರೆ ಅಂಟಿ ನಿಲ್ಲುತ್ತದೆ. ಡಾಕ್ಸಿಸೈಕ್ಲಿನ್‌ನಂಥವು ಅಲ್ಲೇ ಸುಟ್ಟು ಹುಣ್ಣು ಮಾಡುತ್ತವೆ.

ಬೆಕ್ಕಿನ ಯಕೃತ್ತಿಗೆ ಹುಟ್ಟಿನಿಂದಲೇ ಇನ್ನೊಂದು ಕೊರತೆಯಿದೆ. ಅನೇಕ ಔಷಧಗಳನ್ನು ಕರಗಿಸಿ ಹೊರಹಾಕುವ ಗ್ಲುಕ್ಯುರಾನಿಡೇಷನ್ ಎಂಬ ಕ್ರಿಯೆಗೆ ಬೇಕಾದ ಒಂದು ಜೀನ್ ಬೆಕ್ಕಿನ ಕುಲದಲ್ಲಿ ಕೆಟ್ಟು ಕೂತಿದೆ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್‌ನ ಒಂದು ಮಾತ್ರೆ, ಅದಕ್ಕಿಂತ ಕಡಿಮೆಯೂ, ಆರೋಗ್ಯವಂತ ಬೆಕ್ಕನ್ನೇ ಕೊಲ್ಲಬಲ್ಲದು. ನೆಲ ಒರೆಸುವ ಫಿನಾಯಿಲ್ ಕೂಡ ಹಾಗೆಯೇ: ಒದ್ದೆ ನೆಲದ ಮೇಲೆ ನಡೆದ ಬೆಕ್ಕು ಪಾದ ನೆಕ್ಕಿಕೊಂಡರೆ ಆ ವಿಷ ಹೊಟ್ಟೆಗೆ. ಯಕೃತ್ತು ಸೋತ ಬೆಕ್ಕಿರುವ ಮನೆಯಲ್ಲಿ ಬರೀ ನೀರಿನಲ್ಲಿ ನೆಲ ಒರೆಸಿ. ಊಟ ಬಿಟ್ಟಿದೆ ಎಂದು ಮನೆಯ ಕೋಳಿ ಸಾರು ಕೊಡಬೇಡಿ. ಅದರಲ್ಲಿನ ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಉಪ್ಪು ಖಾರವಿಲ್ಲದೆ ಬೇಯಿಸಿದ ಕೋಳಿ, ಮೀನು, ಇಲ್ಲವೇ ವೈದ್ಯರು ಹೇಳಿದ ತೇವವಿರುವ ಡಬ್ಬಿ ಆಹಾರವನ್ನು ಬೆಚ್ಚಗೆ ಮಾಡಿ ಸ್ವಲ್ಪಸ್ವಲ್ಪ, ದಿನಕ್ಕೆ ಐದಾರು ಸಲ ಇಡಿ. ಬೆಚ್ಚಗಿನ ಊಟದ ವಾಸನೆ ಏಳುತ್ತದೆ, ಬೆಕ್ಕು ಮೂಗಿನಿಂದಲೇ ಊಟ ಆರಿಸುವ ಪ್ರಾಣಿ.

ಮಾಂಸ ಕಡಿಮೆ ಮಾಡಬೇಕಾದ ಸಂದರ್ಭ ಒಂದಿದೆ. ಯಕೃತ್ತು ಅಮೋನಿಯಾವನ್ನು ಸೋಸಲಾರದೆ ಅದು ಮಿದುಳಿಗೇರಿದಾಗ ಬೆಕ್ಕು ಧಾರಾಕಾರ ಜೊಲ್ಲು ಸುರಿಸುತ್ತದೆ, ಗೋಡೆ ನೋಡುತ್ತಾ ನಿಲ್ಲುತ್ತದೆ, ಗೊತ್ತುಗುರಿಯಿಲ್ಲದೆ ಸುತ್ತುತ್ತದೆ. ಆಗ ವೈದ್ಯರು ಲ್ಯಾಕ್ಟುಲೋಸ್ ಕೊಟ್ಟು ಪ್ರೋಟೀನನ್ನು ಅಳತೆ ಮಾಡಿ ಇಳಿಸುತ್ತಾರೆ. ಆ ತೀರ್ಮಾನ ಅವರದು, ಅಡುಗೆಮನೆಯದಲ್ಲ.

ಮನೆಯವರ ಕೈಯಲ್ಲಿರುವ ದೊಡ್ಡ ಉಪಕರಣ ತಕ್ಕಡಿ. ವಾರಕ್ಕೊಮ್ಮೆ ತೂಗಿ ಬರೆದಿಡಿ. ನಾಲ್ಕು ಕಿಲೋ ಬೆಕ್ಕು 200 ಗ್ರಾಂ ಇಳಿದರೆ ಅದು 60 ಕಿಲೋ ಮನುಷ್ಯ ಮೂರು ಕಿಲೋ ಇಳಿದ ಹಾಗೆ. ಎತ್ತಿಕೊಂಡಾಗ ಕೈಗೆ ತಿಳಿಯುವುದೇ ಇಲ್ಲ. ಹಳದಿ ಬಣ್ಣವನ್ನು ಟ್ಯೂಬ್‌ಲೈಟಿನಲ್ಲಿ ಹುಡುಕಬೇಡಿ. ಚಿನ್ನಿಯ ಕಾಯಿಲೆ ನನಗೆ ಕಂಡದ್ದು ಒಂದು ಬೆಳಿಗ್ಗೆ, ಕಿಟಕಿಯಲ್ಲಿ ಕೂತ ಅವಳ ಕಿವಿಯೊಳಗೆ ಬಿಸಿಲು ಬಿದ್ದಾಗ. ಗುಲಾಬಿ ಇರಬೇಕಾದ ಚರ್ಮ ನಿಂಬೆ ಬಣ್ಣಕ್ಕೆ ತಿರುಗಿತ್ತು. ಔಷಧ, ಬೆಚ್ಚಗಿನ ಊಟ, ತಕ್ಕಡಿಯ ಲೆಕ್ಕ ಇಟ್ಟುಕೊಂಡು ಆಮೇಲೂ ಅವಳು ಮೂರು ವರ್ಷ ನಮ್ಮೊಂದಿಗಿದ್ದಳು.

ನಿಮ್ಮ ಬೆಕ್ಕನ್ನೂ ನಾಳೆ ಬೆಳಿಗ್ಗೆ ಕಿಟಕಿಯ ಹತ್ತಿರ ಕರೆದು ಕಿವಿಯ ಒಳಬದಿ, ಒಸಡು, ಕಣ್ಣಿನ ಬಿಳಿ ನೋಡಿ. ಇಡೀ ಒಂದು ಹಗಲು ಒಂದು ರಾತ್ರಿ ಅದು ತಟ್ಟೆ ಮುಟ್ಟದಿದ್ದರೆ ಇನ್ನೊಂದು ದಿನ ಕಾಯದೆ ಪಶುವೈದ್ಯರ ಬಳಿಗೆ ಕರೆದೊಯ್ಯಿರಿ.