ಬೀದಿಯ ಕಣ್ಣುಗಳು

ನಗರದಲ್ಲಿ ನೆಲೆಸಬಯಸುವವರು ಸಾಮಾನ್ಯವಾಗಿ ಬಾಡಿಗೆ, ನೀರು ಮೊದಲಾದ ಸೌಕರ್ಯಗಳನ್ನು ವಿಚಾರಿಸುತ್ತಾರೆ. ಆದರೆ ಮನೆ ಎಷ್ಟೇ ಅನುಕೂಲವಾಗಿದ್ದರೂ ಅದಿರುವ ಬಡಾವಣೆ ಸುರಕ್ಷಿತವಲ್ಲದಿದ್ದರೆ ನೆಮ್ಮದಿ ದೊರೆಯದು.

ಸುರಕ್ಷತೆಯೆಂದರೆ ಕಳ್ಳಕಾಕರ ಭಯವಿಲ್ಲದಿರುವುದಷ್ಟೇ ಅಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಜನರು ಗಾಳಿಬೆಳಕಿಲ್ಲದ ಇಕ್ಕಟ್ಟಾದ ಓಣಿಗಳಿಗೆ ಅಂಜಿದರು. ಅಗಲವಾದ ಬೀದಿಗಳುಳ್ಳ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಆ ಬಳಿಕ ಬೆಳೆದವು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ನಗರದ ಬೀದಿದೀಪಗಳನ್ನು ಬೆಳಗಿತು.

ಆದರೆ ದೀಪವೊಂದೇ ಸಾಲದು. ಆ ಬೆಳಕಿನಲ್ಲಿ ನೋಡುವ ಕಣ್ಣುಗಳೂ ಬೇಕು. ನ್ಯೂಯಾರ್ಕಿನ ಲೇಖಕಿ ಜೇನ್ ಜೇಕಬ್ಸ್ ಅವರು 1961ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ತತ್ತ್ವವನ್ನು ವಿವರಿಸಿದರು. ಅಂಗಡಿಯವರು, ಜಗಲಿಯ ಮೇಲೆ ಕುಳಿತ ವೃದ್ಧರು, ದಾರಿಹೋಕರು ತಮಗರಿವಿಲ್ಲದೆಯೇ ಬೀದಿಯನ್ನು ಕಾಯುತ್ತಾರೆ. ಎತ್ತರದ ಗೋಡೆಗಳ ನಡುವಣ ನಿರ್ಜನ ಬೀದಿಗೆ ಈ ಕಾವಲಿಲ್ಲ.

ಆದುದರಿಂದ ಮನೆಯನ್ನು ಆರಿಸುವ ಮುನ್ನ ಆ ಬೀದಿಯಲ್ಲಿ ಹಗಲೊಮ್ಮೆ, ಇರುಳೊಮ್ಮೆ ನಡೆದು ನೋಡಬೇಕು. ನಿವಾಸಿಗಳ ಬಡತನವನ್ನು ಕಂಡು ಬೀದಿಯನ್ನು ಶಂಕಿಸುವುದು ಅನ್ಯಾಯ. ಸ್ತ್ರೀಯರೂ ಮಕ್ಕಳೂ ಸಂಜೆಯ ಬಳಿಕವೂ ನಿಶ್ಚಿಂತೆಯಿಂದ ಓಡಾಡುತ್ತಿದ್ದರೆ ಅದೇ ಒಳ್ಳೆಯ ಸಾಕ್ಷಿ. ಅಲ್ಲಿ ನೆಲೆಸಿದ ಮೇಲೆ ನೆರೆಹೊರೆಯವರ ಕಷ್ಟಕ್ಕೆ ಬಾಗಿಲು ತೆರೆದು, ನಾವೂ ಆ ಬೀದಿಯ ಕಣ್ಣುಗಳಾಗಬೇಕು.