ಗಾತ್ರವೋ, ಒತ್ತಡವೋ?

ವ್ಯಾಧಿಯಿಂದ ಶ್ವಾಸಕೋಶಗಳು ಸೋತಾಗ ರೋಗಿಯ ಉಸಿರಾಟವನ್ನು ಯಂತ್ರವೇ ನಡೆಸಬೇಕಾಗುತ್ತದೆ. ಇದಕ್ಕೆ ಎರಡು ಮುಖ್ಯ ಕ್ರಮಗಳುಂಟು. ಒಂದರಲ್ಲಿ ಪ್ರತಿ ಉಸಿರಿನ ಗಾತ್ರವನ್ನು ನಿಗದಿಮಾಡುತ್ತಾರೆ. ಶ್ವಾಸಕೋಶ ಪೆಡಸಾದಷ್ಟೂ ಒತ್ತಡ ಏರುತ್ತದೆ. ಇನ್ನೊಂದರಲ್ಲಿ ಒತ್ತಡವನ್ನು ನಿಗದಿಮಾಡುತ್ತಾರೆ. ಪೆಡಸಾದಷ್ಟೂ ಒಳಹೋಗುವ ಗಾಳಿ ಕುಗ್ಗುತ್ತದೆ. ದಪ್ಪ ಬಲೂನನ್ನು ಊದಿದವರಿಗೆ ಇದು ಅನುಭವವೇದ್ಯ.

ಇವೆರಡರಲ್ಲಿ ಯಾವುದು ಹೆಚ್ಚು ಪ್ರಾಣ ಉಳಿಸುತ್ತದೆಂಬುದು ಇನ್ನೂ ಸಿದ್ಧಪಟ್ಟಿಲ್ಲ. ಗಾಳಿ ಮಿತವಾಗಿರಬೇಕೆಂಬುದು ಮಾತ್ರ ಸ್ಪಷ್ಟವಾಗಿದೆ. 2000ದಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 861 ರೋಗಿಗಳಿದ್ದರು. ಎತ್ತರಕ್ಕೆ ತಕ್ಕ ದೇಹತೂಕದ ಪ್ರತಿ ಕಿಲೋಗ್ರಾಮಿಗೆ, ಉಸಿರೊಂದಕ್ಕೆ 12 ಮಿಲಿಲೀಟರು ಗಾಳಿ ಪಡೆದವರಲ್ಲಿ ನೂರಕ್ಕೆ ಸುಮಾರು 40 ಮಂದಿ ಮಡಿದರು; 6 ಮಿಲಿಲೀಟರು ಪಡೆದವರಲ್ಲಿ 31. ಅತಿಯಾಗಿ ಹಿಗ್ಗಿದ ಶ್ವಾಸಕೋಶ ಮತ್ತಷ್ಟು ಗಾಯಗೊಳ್ಳುತ್ತದೆ. ಆದುದರಿಂದ ಯಾವ ಕ್ರಮವನ್ನೇ ಆರಿಸಲಿ, ತಾನು ನಿಗದಿಮಾಡದ ಇನ್ನೊಂದು ಅಳತೆಯ ಮೇಲೆ ವೈದ್ಯನು ಕಣ್ಣಿಟ್ಟಿರಬೇಕು.