ಸುಡುಗಾಡಿನ ತೆರೆ: ಮೈಸೂರು ನಗರದ ಸ್ಮಶಾನಗಳಲ್ಲಿ ಹಕ್ಕು, ಗುತ್ತಿಗೆ ಮತ್ತು ಮೇಲ್ವಿಚಾರಣೆ

ಜನಪದ ಸಂಸ್ಕೃತಿಯ ಅಧ್ಯಯನದಲ್ಲಿ ಹುಟ್ಟು ಮತ್ತು ಮದುವೆಯ ಆಚರಣೆಗಳಿಗೆ ದೊರೆತಷ್ಟು ಅವಧಾನ ಸಾವಿನ ಆಚರಣೆಗಳಿಗೆ ದೊರೆತಿಲ್ಲ. ದೊರೆತಿರುವೆಡೆಗಳಲ್ಲಿಯೂ ವಿದ್ವಾಂಸರ ದೃಷ್ಟಿ ಶೋಕಗೀತೆ, ಹಾಲುತುಪ್ಪ, ತಿಥಿ, ಹಿರಿಯರ ಹಬ್ಬಗಳ ಮೇಲೆ ನೆಲೆಗೊಂಡಿದೆ. ಮಸಣದ ನೆಲವನ್ನು ಕಾಯುವವರು ಯಾರು, ಗುಂಡಿ ತೋಡುವವರು ಯಾರು, ಅವರಿಗೆ ಸಲ್ಲಬೇಕಾದುದೇನು, ಅದನ್ನು ಗೊತ್ತುಪಡಿಸುವವರು ಯಾರು ಎಂಬ ಲೌಕಿಕ ಪ್ರಶ್ನೆಗಳು ಬಹುಮಟ್ಟಿಗೆ ಹೊರಗುಳಿದಿವೆ. ಇವೇ ಪ್ರಶ್ನೆಗಳು ಇಂದು ನಗರಪಾಲಿಕೆಯ ಕಡತಗಳಲ್ಲಿ ಟೆಂಡರ್, ಗುತ್ತಿಗೆ, ನಿರ್ವಹಣಾ ವೆಚ್ಚ ಎಂಬ ಬೇರೆ ಹೆಸರುಗಳಲ್ಲಿ ಕಾಣಿಸಿಕೊಳ್ಳುತ್ತಿವೆ. ಸ್ಮಶಾನದ ಕೆಲಸವನ್ನು ಹೊರಗಿನವರಿಗೆ ವಹಿಸಿದಾಗ ಪಾಲಿಕೆಯು ಯಾವುದರ ಮೇಲೆ ಕಣ್ಣಿಡಬೇಕು ಎಂಬುದನ್ನು ಮೈಸೂರು ನಗರವನ್ನು ಮುಂದಿಟ್ಟುಕೊಂಡು, ಜಾನಪದದ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಪದಗಳ ವಿಚಾರ. ‘ಸ್ಮಶಾನ’ದ ತದ್ಭವವಾದ ‘ಮಸಣ’ ಕನ್ನಡ ಜನಪದರಲ್ಲಿ ಕೇವಲ ಭಯದ ಪದವಲ್ಲ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಗಜೇಶ ಮಸಣಯ್ಯನಿದ್ದಾನೆ. ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಮಸಣಿಕಮ್ಮ ಊರದೇವತೆಯಾಗಿ ಜಾತ್ರೆ ಪಡೆಯುತ್ತಾಳೆ. ‘ಸುಡುಗಾಡು’ ಆಡುಮಾತು. ‘ರುದ್ರಭೂಮಿ’ ಇಂದು ಫಲಕಗಳ ಮೇಲೆ ಗೌರವದ ಪದವಾಗಿ ಬಳಕೆಯಲ್ಲಿದೆ. ‘ಚಿತಾಗಾರ’ ವಿದ್ಯುತ್ತಿನ ಕುಲುಮೆಯೊಂದಿಗೆ ಚಾಲ್ತಿಗೆ ಬಂದ ಮಾತು. ಪದ ಬದಲಾದಂತೆ ಒಡೆತನವೂ ಬದಲಾಗಿದೆ: ಮಸಣ ಊರಿನದು, ಚಿತಾಗಾರ ಪಾಲಿಕೆಯದು.

ಮೈಸೂರಿನಲ್ಲಿ ಈ ಎರಡೂ ಬಗೆಗಳು ಅಕ್ಕಪಕ್ಕದಲ್ಲಿಯೇ ಇವೆ. ಚಾಮುಂಡಿಬೆಟ್ಟದ ತಪ್ಪಲಿನ ಹರಿಶ್ಚಂದ್ರ ಘಾಟ್, ಗೋಕುಲಂ ಮತ್ತು ವಿಜಯನಗರದ ಚಿತಾಗಾರಗಳು ನಗರದ ಬಹುಪಾಲು ಜನರಿಗೆ ಪರಿಚಿತ. ಕ್ಯಾತಮಾರನಹಳ್ಳಿ, ಪಡುವಾರಹಳ್ಳಿ, ಕುಂಬಾರಕೊಪ್ಪಲು, ಮೇಟಗಳ್ಳಿ, ಹೆಬ್ಬಾಳು ಮೊದಲಾದ ಹಳ್ಳಿಗಳು ನಗರದೊಳಗೆ ಸೇರಿಹೋದಾಗ ತಮ್ಮ ಮಸಣದ ವಾಡಿಕೆಗಳನ್ನೂ ಜೊತೆಗೆ ತಂದವು. ಮುಸ್ಲಿಮರ ಖಬರಸ್ತಾನಗಳು ಜಮಾತ್ ಮತ್ತು ವಕ್ಫ್ ವ್ಯವಸ್ಥೆಗೆ, ಕ್ರೈಸ್ತರ ಸಮಾಧಿಭೂಮಿಗಳು ಚರ್ಚುಗಳಿಗೆ ಸೇರಿವೆ. ಅರಸು ಮನೆತನಕ್ಕೆ ನಂಜನಗೂಡು ರಸ್ತೆಯ ಕಡೆಗಿರುವ ಮಧುವನವೇ ಬೇರೆ. 2013ರ ಡಿಸೆಂಬರಿನಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅವರ ಅಂತ್ಯಕ್ರಿಯೆ ನಡೆದುದು ಅಲ್ಲಿಯೇ. ಹೀಗಾಗಿ ‘ನಗರದ ಸ್ಮಶಾನಗಳ ಮೇಲ್ವಿಚಾರಣೆ’ ಎಂಬ ಮಾತು ಏಕರೂಪದ್ದಲ್ಲ.

ಸುಡುವ ನೆಲಕ್ಕೆ ತೆರೆಯೊಂದು ಸಲ್ಲಬೇಕು ಎಂಬ ಭಾವನೆಗೆ ನಮ್ಮಲ್ಲಿರುವ ಬಹುದೊಡ್ಡ ಆಖ್ಯಾನ ಹರಿಶ್ಚಂದ್ರನದು. ಹದಿಮೂರನೆಯ ಶತಮಾನದ ರಾಘವಾಂಕನ ಕಾವ್ಯದಿಂದ ಹಿಡಿದು ಬಯಲಾಟ, ಯಕ್ಷಗಾನ, ವೃತ್ತಿರಂಗಭೂಮಿಗಳವರೆಗೆ ಈ ಕಥೆ ಹರಿದುಬಂದಿದೆ. ವಿದ್ವಾಂಸರು ಇದನ್ನು ಸತ್ಯನಿಷ್ಠೆಯ ಕಥೆಯೆಂದು ಓದುತ್ತಾರೆ, ಅದು ಸರಿಯೇ. ಆದರೆ ಮಸಣದ ಕಾವಲುಗಾರನ ಕಡೆಯಿಂದ ನೋಡಿದರೆ ಇದು ಒಂದು ಹಕ್ಕಿನ ಕಥೆ. ಕಾಶಿಯ ಸುಡುಗಾಡಿನ ಒಡೆಯ ವೀರಬಾಹು. ಹರಿಶ್ಚಂದ್ರ ಅವನ ಆಳು. ಸುಂಕ ಸಲ್ಲದೆ ಸುಡಗೊಡಬಾರದೆಂಬುದು ಒಡೆಯನ ಕಟ್ಟಳೆ. ಸತ್ತವನು ಸ್ವಂತ ಮಗ ಲೋಹಿತಾಶ್ವ, ಎದುರಿಗೆ ನಿಂತವಳು ಹೆಂಡತಿ ಚಂದ್ರಮತಿ ಎಂದು ತಿಳಿದ ಮೇಲೂ ಆಳಿಗೆ ಅದನ್ನು ಮನ್ನಾ ಮಾಡುವ ಅಧಿಕಾರವಿಲ್ಲ. ಇಲ್ಲಿ ಗಮನಿಸಬೇಕಾದುದು ಮೂರು ಅಂಶಗಳನ್ನು: ತೆರೆ ನಿಗದಿಯಾಗಿದೆ, ಒಡೆಯ ಯಾರೆಂಬುದು ಗೊತ್ತಿದೆ, ವಸೂಲು ಮಾಡುವವನು ತನಗಾಗಿ ವಸೂಲು ಮಾಡುತ್ತಿಲ್ಲ. 1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ ‘ಸತ್ಯ ಹರಿಶ್ಚಂದ್ರ’ ಚಲನಚಿತ್ರದಲ್ಲಿ ವೀರಬಾಹುವಾದವರು ಮೈಸೂರಿನವರೇ ಆದ ಎಂ.ಪಿ. ಶಂಕರ್. ಹಳೆಯ ಮೈಸೂರು ಸೀಮೆಯ ಜನರ ಮನಸ್ಸಿನಲ್ಲಿ ವೀರಬಾಹುವಿಗೆ ಇಂದಿಗೂ ಇರುವ ಮುಖ ಅದೇ.

ಈ ಕಥೆ ಪುರಾಣವಾಗಿಯೇ ಉಳಿದಿಲ್ಲ. ಅನೇಕ ಸ್ಮಶಾನಗಳ ಬಾಗಿಲಲ್ಲಿ ಹರಿಶ್ಚಂದ್ರನ ಮೂರ್ತಿಯೋ ಕಲ್ಲೋ ಇರುತ್ತದೆ. ಅಲ್ಲಿ ಹೆಣವನ್ನು ಇಳಿಸಿ, ಕರ್ಪೂರ ಹಚ್ಚಿ, ಎಲೆಅಡಿಕೆಯೊಂದಿಗೆ ಕಾಸಿಟ್ಟು ಮುಂದೆ ಸಾಗುವ ವಾಡಿಕೆಯುಂಟು. ಹೂಳುವ ಸಮುದಾಯಗಳಲ್ಲಿ ಗುಂಡಿಗೆ ಕಾಸು ಹಾಕಿ ನೆಲವನ್ನು ‘ಕೊಂಡುಕೊಳ್ಳುವ’ ಆಚರಣೆಯಿದೆ. ಈ ಕಾಸು ಭಿಕ್ಷೆಯಲ್ಲ, ಲಂಚವೂ ಅಲ್ಲ. ಸತ್ತವನಿಗೆ ಆರಡಿ ಮೂರಡಿಯ ಜಾಗವನ್ನು ಕ್ರಮಬದ್ಧವಾಗಿ ದೊರಕಿಸಿಕೊಡುವ ಕ್ರಯ. ಹಳೆಯ ಗ್ರಾಮವ್ಯವಸ್ಥೆಯಲ್ಲಿ ತೋಟಿ, ಕುಳವಾಡಿಗಳಿಗೆ ಸಾವಿನ ಮನೆಯಲ್ಲಿ ಸಲ್ಲುತ್ತಿದ್ದ ಅಕ್ಕಿ, ಬಟ್ಟೆ, ಹಣಗಳೂ ಇದೇ ಜಾತಿಯವು. ಸುದ್ದಿ ಮುಟ್ಟಿಸುವುದು, ಗುಂಡಿ ತೆಗೆಯುವುದು, ಸೌದೆ ಒಟ್ಟುವುದು ಒಂದೊಂದಕ್ಕೂ ಗೊತ್ತಾದ ಪಾಲಿತ್ತು; ಸುಗ್ಗಿಯಲ್ಲಿ ಆಯದ ಧಾನ್ಯವೂ ಇತ್ತು. ಸುಡುಗಾಡು ಸಿದ್ಧರಂತಹ ಅಲೆಮಾರಿ ಸಮುದಾಯದ ಹೆಸರೇ ಮಸಣದೊಡನೆ ಬೆಸೆದಿರುವುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಕಾಶಿಯ ಡೋಮರಲ್ಲಿ ಈ ಹಕ್ಕು ದಿನಗಳ ಸರದಿಯಾಗಿ ಹಂಚಿಹೋಗಿರುವುದನ್ನು ಮಾನವಶಾಸ್ತ್ರಜ್ಞ ಜೊನಾಥನ್ ಪ್ಯಾರಿ 1994ರ ತಮ್ಮ ಗ್ರಂಥದಲ್ಲಿ ವಿವರವಾಗಿ ದಾಖಲಿಸಿದ್ದಾರೆ.

ಈ ವ್ಯವಸ್ಥೆಯನ್ನು ವೈಭವೀಕರಿಸುವ ಅಗತ್ಯವಿಲ್ಲ. ಇದು ಜಾತಿಯ ಕಟ್ಟಿನ ಮೇಲೆ ನಿಂತಿತ್ತು. ಮಸಣದ ಕೆಲಸ ಹೊತ್ತವರು ಅಸ್ಪೃಶ್ಯತೆಯನ್ನೂ ಹೊತ್ತರು, ಮತ್ತು ಕೆಲಸವನ್ನು ನಿರಾಕರಿಸುವ ಸ್ವಾತಂತ್ರ್ಯ ಅವರಿಗಿರಲಿಲ್ಲ. ಆದರೆ ಅದರೊಳಗೆ ಒಂದು ಮೇಲ್ವಿಚಾರಣೆ ಇತ್ತೆಂಬುದನ್ನು ಅಲ್ಲಗಳೆಯಲಾಗದು. ಪಾಲು ಎಷ್ಟೆಂಬುದು ಊರಿಗೆಲ್ಲ ತಿಳಿದಿತ್ತು. ಕೊಡುವುದು ಹತ್ತು ಜನರ ಎದುರಿಗೆ. ಹೆಚ್ಚು ಕೇಳಿದರೆ ಹಿರಿಯರು ತಡೆಯುತ್ತಿದ್ದರು, ಕಡಿಮೆ ಕೊಟ್ಟರೆ ಕುಳವಾಡಿ ಪ್ರಶ್ನಿಸುತ್ತಿದ್ದ, ಬಡವನಾದರೆ ಊರೇ ತುಂಬಿಕೊಡುತ್ತಿತ್ತು. ಸಾಕ್ಷಿಯಾಗಿ ನಿಂತ ಜನವೇ ಲೆಕ್ಕಪರಿಶೋಧಕರು.

1961ರ ಕರ್ನಾಟಕ ಗ್ರಾಮ ಕಚೇರಿಗಳ ರದ್ದಿಯಾತಿ ಅಧಿನಿಯಮವು ವಂಶಪಾರಂಪರ್ಯ ಗ್ರಾಮಾಧಿಕಾರಗಳನ್ನು ಕೊನೆಗೊಳಿಸಿತು. ಕಾನೂನಿನ ದೃಷ್ಟಿಯಲ್ಲಿ ತೋಟಿಯ ಹುದ್ದೆ ಇಲ್ಲವಾಯಿತು. ಆದರೆ ಹೆಣ ಬರುವುದು ನಿಲ್ಲಲಿಲ್ಲ. ನಗರದಲ್ಲಿ ಆ ಹೊಣೆ ಸ್ಥಳೀಯ ಸಂಸ್ಥೆಯ ಮೇಲೆ ಬಂದಿತು. ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ ಹತ್ತನೆಯ ನಮೂದು ಶವಸಂಸ್ಕಾರ ಮತ್ತು ಸ್ಮಶಾನಗಳಿಗೆ ಸಂಬಂಧಿಸಿದುದು. 1993ರ ಜೂನ್ 1ರಂದು ಜಾರಿಗೆ ಬಂದ 74ನೆಯ ತಿದ್ದುಪಡಿಯ ಮೂಲಕ ಸೇರಿದ ಹನ್ನೆರಡನೆಯ ಅನುಸೂಚಿಯ ಹದಿನಾಲ್ಕನೆಯ ನಮೂದು ಇದನ್ನೇ, ವಿದ್ಯುತ್ ಚಿತಾಗಾರಗಳನ್ನೂ ಸೇರಿಸಿ, ನಗರಾಡಳಿತದ ಕಾರ್ಯವೆಂದು ಹೆಸರಿಸುತ್ತದೆ. 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಅಧಿನಿಯಮದ ಪ್ರಕಾರ ಶವಸಂಸ್ಕಾರದ ಸ್ಥಳಗಳ ನಿಯಂತ್ರಣವು ಪಾಲಿಕೆಯ ಕಡ್ಡಾಯ ಕರ್ತವ್ಯಗಳಲ್ಲಿ ಒಂದು. ಕೆಲಸವನ್ನು ಗುತ್ತಿಗೆಗೆ ಕೊಡಬಹುದು, ಕರ್ತವ್ಯವನ್ನು ಕೊಡಲಾಗದು.

ಇಂದು ನಮ್ಮ ನಗರಗಳಲ್ಲಿ ಗುತ್ತಿಗೆಗೆ ಹೋಗುವುದು ಒಂದೇ ಕೆಲಸವಲ್ಲ ಎಂಬುದನ್ನು ತಿಳಿಯಬೇಕು. ಕುಲುಮೆಯ ವಾರ್ಷಿಕ ನಿರ್ವಹಣೆ ಯಂತ್ರ ಬಲ್ಲ ಕಂಪನಿಗೆ, ಕಾವಲು, ಶುಚಿತ್ವ, ಕುಲುಮೆ ನಡೆಸುವ ಆಳುಗಳ ಪೂರೈಕೆ ಮತ್ತೊಬ್ಬ ಗುತ್ತಿಗೆದಾರನಿಗೆ, ಸೌದೆ ಇನ್ನೊಬ್ಬನಿಗೆ, ಶವವಾಹನ ಮಗದೊಬ್ಬನಿಗೆ. ತೋಟಿಯೊಬ್ಬನ ಕೈಯಲ್ಲಿ ಒಂದಾಗಿದ್ದ ಕೆಲಸ ಹೀಗೆ ನಾಲ್ಕಾಗಿ ಒಡೆದಿದೆ. ಒಂದು ಚಿತೆಗೆ ಸುಮಾರು 400ರಿಂದ 600 ಕಿಲೋಗ್ರಾಂ ಸೌದೆ ಬೇಕಾಗುತ್ತದೆ. ತೂಕದಲ್ಲಿ ಕೊರತೆಯಾದರೆ ನೋಡುವವರಿಲ್ಲ, ಏಕೆಂದರೆ ಸಾವಿನ ಮನೆಯವರು ತಕ್ಕಡಿ ನೋಡುವ ಸ್ಥಿತಿಯಲ್ಲಿರುವುದಿಲ್ಲ. ವಿದ್ಯುತ್ ಕುಲುಮೆಯ ಸಮಸ್ಯೆ ಬೇರೆ. ಅದು ನೂರಾರು ಡಿಗ್ರಿ ಶಾಖಕ್ಕೆ ಮೊದಲೇ ಕಾದಿರಬೇಕು. ಪದೇ ಪದೇ ಆರಿಸಿ ಕಾಯಿಸಿದರೆ ಒಳಗಿನ ಇಟ್ಟಿಗೆ ಬಿರುಕುಬಿಡುತ್ತದೆ. ಹೆಣ ಬರಲಿ ಬಿಡಲಿ ವಿದ್ಯುತ್ತಿನ ಬಿಲ್ಲು ಏರುತ್ತದೆ. ಅನಿಲದ ಕುಲುಮೆಗೆ ಈ ತೊಂದರೆ ಕಡಿಮೆ. ಪಾಲಿಕೆಯ ಮೇಲ್ವಿಚಾರಣೆ ಸಹಜವಾಗಿಯೇ ಈ ಅಳೆಯಬಹುದಾದ ಸಂಗತಿಗಳ ಕಡೆಗೆ, ಬಿಲ್ಲು ದುರಸ್ತಿಗಳ ಕಡೆಗೆ ವಾಲುತ್ತದೆ.

ಅಳತೆಗೆ ಸಿಗದಿರುವುದು ಬಾಗಿಲ ಬಳಿ ನಡೆಯುವ ಚೌಕಾಸಿ. ರಸೀದಿಯ ಶುಲ್ಕ ಕಟ್ಟಿದ ಮೇಲೆ ಆಳುಗಳು ಕೈಚಾಚುತ್ತಾರೆ. ಮನೆಯವರಲ್ಲಿ ಕೆಲವರು ಧರ್ಮವೆಂದು, ಕೆಲವರು ಸುಲಿಗೆಯೆಂದು ತಿಳಿದು ಕೊಡುತ್ತಾರೆ. ದೂರು ಬಂದರೆ ಅಧಿಕಾರಿಗಳು ಇದನ್ನು ‘ಮಾಮೂಲು’ ಎನ್ನುತ್ತಾರೆ, ಆಳುಗಳು ‘ಭಕ್ಷೀಸು’ ಎನ್ನುತ್ತಾರೆ. ಎರಡೂ ಪದಗಳು ವಿಷಯವನ್ನು ಮರೆಮಾಡುತ್ತವೆ. ಇದು ಮೂಲತಃ ವೀರಬಾಹುವಿನ ತೆರೆ. ಗುತ್ತಿಗೆಯ ಕೂಲಿ ತಡವಾಗಿ, ಕಡಿತವಾಗಿ ಬರುವಾಗ ಆಳು ಬದುಕುವುದು ಇದರಿಂದಲೇ. ಗುತ್ತಿಗೆದಾರನು ಕಡಿಮೆ ದರಕ್ಕೆ ಟೆಂಡರ್ ಹಿಡಿಯಬಲ್ಲನಾದರೆ, ಬಾಗಿಲಲ್ಲಿ ಸಿಗುವ ಕಾಸು ಕೂಲಿಯ ಕೊರತೆಯನ್ನು ತುಂಬುತ್ತದೆಂಬ ಲೆಕ್ಕವೂ ಅದರಲ್ಲಿ ಅಡಗಿರುತ್ತದೆ ಎಂದು ನನ್ನ ಅಭಿಪ್ರಾಯ. ಹಳೆಯ ತೆರೆಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ: ಮೊತ್ತ ನಿಗದಿಯಿಲ್ಲ, ಸಾಕ್ಷಿಯಿಲ್ಲ. ನಗರದಲ್ಲಿ ಹೆಣದೊಂದಿಗೆ ಬರುವವರು ಕಾವಲುಗಾರನನ್ನು ಅರಿಯರು. ಅವನೂ ಅವರನ್ನು ಮತ್ತೆ ನೋಡುವುದಿಲ್ಲ.

ನೋಡಬೇಕಾದವರು ಯಾರು? ಅಧಿನಿಯಮದ ಪ್ರಕಾರ ಪಾಲಿಕೆಯಲ್ಲಿ ಸಾರ್ವಜನಿಕ ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯೂ ಲೆಕ್ಕಪತ್ರಗಳ ಸ್ಥಾಯಿ ಸಮಿತಿಯೂ ಇರಬೇಕು. ವಾರ್ಡಿನ ಸದಸ್ಯನೆಂದರೆ ಊರಿನ ಹಿರಿಯನ ಸ್ಥಾನದಲ್ಲಿ ನಿಂತವನು. ಸಾವಿನ ಮನೆಗೆ ಬರುವವನು, ಸ್ಮಶಾನದವರೆಗೂ ನಡೆಯುವವನು. ಮೈಸೂರು ಮಹಾನಗರ ಪಾಲಿಕೆಯ 65 ವಾರ್ಡುಗಳ ಚುನಾಯಿತ ಸದಸ್ಯರ ಅವಧಿ 2023ರ ನವೆಂಬರಿನಲ್ಲಿ ಮುಗಿದು, ಆಡಳಿತ ಆಡಳಿತಾಧಿಕಾರಿಯ ಕೈಗೆ ಹೋಯಿತು. ಆಗ ಸ್ಥಾಯಿ ಸಮಿತಿಗಳೂ ಇಲ್ಲವಾದವು. ಗುತ್ತಿಗೆಗಳು ಮುಂದುವರಿದವು. 1999ರ ಪಾರದರ್ಶಕತೆ ಅಧಿನಿಯಮವು ಟೆಂಡರನ್ನು ಹೇಗೆ ಕೊಡಬೇಕೆಂದು ಹೇಳುತ್ತದೆಯೇ ಹೊರತು, ಕೊಟ್ಟ ಮೇಲೆ ಬಾಗಿಲಲ್ಲಿ ನಿಂತು ನೋಡುವವರನ್ನು ನೇಮಿಸುವುದಿಲ್ಲ. ಸ್ವಚ್ಛತೆಯಲ್ಲಿ ಮೈಸೂರು 2015 ಮತ್ತು 2016ರಲ್ಲಿ ದೇಶಕ್ಕೇ ಮೊದಲ ಸ್ಥಾನ ಪಡೆಯಿತು. ನಗರವೊಂದು ತನ್ನ ಸತ್ತವರನ್ನು ಹೇಗೆ ಕಳಿಸಿಕೊಡುತ್ತದೆಂಬುದಕ್ಕೆ ಅಂತಹ ಜನಪ್ರಿಯ ಪಟ್ಟಿ ಯಾವುದೂ ಇಲ್ಲ.

ಕಾವಲುಗಾರನ ಇನ್ನೊಂದು ಕೆಲಸವನ್ನೂ ಇಲ್ಲಿ ಹೇಳಬೇಕು. 1969ರ ಜನನ ಮತ್ತು ಮರಣಗಳ ನೋಂದಣಿ ಅಧಿನಿಯಮದ ಹತ್ತನೆಯ ಪ್ರಕರಣವು ಮರಣದ ಸುದ್ದಿಯನ್ನು ನೋಂದಣಾಧಿಕಾರಿಗೆ ತಿಳಿಸಬೇಕಾದವರಲ್ಲಿ ಸ್ಮಶಾನದ ಪಾಲಕನನ್ನೂ ಸೇರಿಸಿದೆ. ಸಾವಿನ ಸುದ್ದಿ ಮುಟ್ಟಿಸುತ್ತಿದ್ದ ತೋಟಿ ಕಾನೂನಿನ ಭಾಷೆಯಲ್ಲಿ ಮರಳಿ ಬಂದಂತಾಯಿತು. ಆದರೆ ವರ್ಷಕ್ಕೊಮ್ಮೆ ಬದಲಾಗುವ ಗುತ್ತಿಗೆಯ ಆಳು ಈ ಹೊಣೆಯನ್ನು ಹೊರುವುದು ಹೇಗೆ? ಅವನ ಪುಸ್ತಕವು ಪಾಲಿಕೆಯ ಆಸ್ತಿಯೋ ಗುತ್ತಿಗೆದಾರನದೋ ಎಂಬುದು ಕರಾರಿನಲ್ಲಿ ಸ್ಪಷ್ಟವಿರಬೇಕಾದ ಸಂಗತಿ.

ಈ ಎಲ್ಲ ಪ್ರಶ್ನೆಗಳು ಒಮ್ಮೆಲೇ ಬಯಲಿಗೆ ಬಂದುದು ಕೋವಿಡ್ ಕಾಲದಲ್ಲಿ. 2020ರಲ್ಲಿ ಬೆಂಗಳೂರಿನಲ್ಲಿ ಕೋವಿಡ್ ಮೃತರ ಶವಸಂಸ್ಕಾರದ ಶುಲ್ಕವನ್ನು ಮನ್ನಾ ಮಾಡಿದಾಗ, ಸುಡುವುದಕ್ಕೆ, ಚಟ್ಟಕ್ಕೆ, ಬೂದಿಯ ಮಡಕೆಗೆ ಎಂದು ಅದು ಬೇರೆ ಬೇರೆ ಬಾಬುಗಳಲ್ಲಿ ಇದ್ದುದು ಜನರಿಗೆ ತಿಳಿಯಿತು. ಹಳೆಯ ತೆರೆಯ ವಿಭಜನೆಯೇ ಅದು. 2021ರ ಏಪ್ರಿಲ್‌ನಲ್ಲಿ ಸರ್ಕಾರ ಸ್ವಂತ ಜಮೀನಿನಲ್ಲಿಯೂ ಸಂಸ್ಕಾರಕ್ಕೆ ಅನುಮತಿ ನೀಡಬೇಕಾಯಿತು. ಮನೆಯವರು ಹತ್ತಿರ ಬರಲಾಗದ ಆ ದಿನಗಳಲ್ಲಿ ಬಾಯಿಗೆ ಅಕ್ಕಿ ಹಾಕಿದವರು, ಕರ್ಪೂರ ಹಚ್ಚಿದವರು ಅನೇಕ ಕಡೆ ಚಿತಾಗಾರದ ಆಳುಗಳು ಮತ್ತು ಸ್ವಯಂಸೇವಕರು. ಗುತ್ತಿಗೆಯ ಕರಾರಿನ ಯಾವ ಷರತ್ತಿನಲ್ಲಿಯೂ ಇರದ ಕೆಲಸವದು. ಆ ವರ್ಷದ ಜೂನ್ 2ರಂದು, ವಾರಸುದಾರರು ಬಾರದೆ ಉಳಿದ ಐನೂರಕ್ಕೂ ಹೆಚ್ಚು ಮಂದಿಯ ಅಸ್ಥಿಯನ್ನು ಆಗಿನ ಕಂದಾಯ ಸಚಿವ ಆರ್. ಅಶೋಕ್ ಅವರು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ವಿಸರ್ಜಿಸಿದರು. ಸರ್ಕಾರವೇ ಮಗನ ಸ್ಥಾನದಲ್ಲಿ ನಿಂತ ಈ ಘಟನೆ ಜಾನಪದ ವಿದ್ಯಾರ್ಥಿಗಳ ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾದುದು. ಮೈಸೂರಿನವರು ಸಾಮಾನ್ಯವಾಗಿ ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಒಯ್ಯುತ್ತಾರೆ. ಮಡಕೆಯ ಮೇಲಿನ ಚೀಟಿ ಬದಲಾದರೆ ಒಯ್ಯುವುದು ಇನ್ನೊಬ್ಬರ ತಂದೆಯನ್ನು. ಚೀಟಿಯ ಕ್ರಮವು ಪಾಲಿಕೆಯ ತಪಾಸಣೆಯ ಮೊದಲ ಬಾಬು ಆಗಬೇಕು, ಕುಲುಮೆಯ ಬಿಲ್ಲು ಆಮೇಲೆ.

ಪೌರಕಾರ್ಮಿಕರ ಗುತ್ತಿಗೆ ಪದ್ಧತಿಯನ್ನು ಕೈಬಿಟ್ಟು ಸ್ಥಳೀಯ ಸಂಸ್ಥೆಗಳೇ ನೇರವಾಗಿ ವೇತನ ಕೊಡಬೇಕೆಂಬ ನಿರ್ಧಾರ ರಾಜ್ಯದಲ್ಲಿ 2017ರಲ್ಲಿ ಆಯಿತು. ಸ್ಮಶಾನದ ಆಳುಗಳ ವಿಷಯ ಪ್ರತ್ಯೇಕವಾಗಿಯೇ ಉಳಿಯಿತು. 2022ರಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಬೆಂಗಳೂರಿನ ಸ್ಮಶಾನ ಕಾರ್ಮಿಕರ ಸೇವೆಯನ್ನು ಖಾಯಂಗೊಳಿಸುವುದಾಗಿ ಘೋಷಿಸಿ, ಅವರನ್ನು ‘ಸತ್ಯ ಹರಿಶ್ಚಂದ್ರ ಬಳಗ’ವೆಂದು ಕರೆಯಬೇಕೆಂದರು. ಹೆಸರಿನ ಆಯ್ಕೆ ಅರ್ಥಪೂರ್ಣ. ಕಥೆಯಲ್ಲಿ ಹರಿಶ್ಚಂದ್ರನಾದರೋ ಕೂಲಿಯಾಳು. ಮೈಸೂರಿನಂತಹ ನಗರಗಳಲ್ಲಿ ಕರಾರುಪತ್ರಕ್ಕೆ ಸೇರಬೇಕಾದ ಅನುಬಂಧವೊಂದಿದೆ: ಗುಂಡಿ, ಸೌದೆ, ಕುಲುಮೆ, ಬೂದಿ ಒಂದೊಂದಕ್ಕೂ ಸಲ್ಲುವ ಮೊತ್ತ, ಅದರಲ್ಲಿ ಆಳಿನ ಪಾಲು, ಬಡವರಿಗೆ ಮನ್ನಾ ಮಾಡುವ ಅಧಿಕಾರ ಯಾರಿಗೆಂಬುದು. ಅದನ್ನು ದೊಡ್ಡ ಅಕ್ಷರಗಳ ಕನ್ನಡದಲ್ಲಿ ಹರಿಶ್ಚಂದ್ರನ ಮೂರ್ತಿಯ ಪಕ್ಕದಲ್ಲಿ, ಹೆಣ ಇಳಿಸುವ ಜಾಗದಲ್ಲಿಯೇ ಬರೆಸಿ ನಿಲ್ಲಿಸಬಹುದು. ಹೊತ್ತು ತಂದವರೆಲ್ಲ ಕೆಲವು ನಿಮಿಷ ನಿಲ್ಲುವುದು ಅಲ್ಲಿ.